ಬಗ್ಗದ ಹೆಬ್ಬೆರಳು

ನಮ್ಮ ಮನೆಯಲ್ಲಿ ಮಗು ನೆಟ್ಟಗೆ ನಡೆಯಲು ಕಲಿತ ಮೇಲೆ ಅದಕ್ಕೊಂದು ಪರೀಕ್ಷೆ ಇಡುತ್ತಾರೆ. ಮಾತು ಬರುತ್ತದೋ, ಬುದ್ಧಿ ಇದೆಯೋ, ಅದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತು ಅನ್ನುವ ಜನ. ಮೊದಲು ಹೆಬ್ಬೆರಳು. ಮಗುವಿನ ಹೆಬ್ಬೆರಳನ್ನು ಮೆಲ್ಲಗೆ ಒತ್ತಿದರೆ ಅದು ಯಾವ ತಕರಾರೂ ತೆಗೆಯದೆ ಹೋಗಿ ಮುಂಗೈಯ ಮೇಲೆ ಮಲಗಬೇಕು. ಮಲಗಿದರೆ ಮಗು ನಮ್ಮದು. ಮಲಗದಿದ್ದರೂ ನಮ್ಮದೇ, ಆದರೆ ಆಗ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನನ್ನದು ಮಲಗಲಿಲ್ಲ. ಅಪ್ಪ ಒತ್ತಿದ, ಸೋದರತ್ತೆ ಒತ್ತಿದಳು, ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಹಿರಿಯರನ್ನು ಕರೆದು ಅವರ ಕೈಯಲ್ಲೂ ಒತ್ತಿಸಿದರಂತೆ. ಹೆಬ್ಬೆರಳು ಅರ್ಧ ದಾರಿ ಹೋಗಿ ನಿಂತುಬಿಟ್ಟಿತು, ನಾನು ಕಿಟಾರನೆ ಕಿರುಚಿದೆ. ಅವತ್ತೇ ಅತ್ತೆ ನನಗೆ ಕೊರಡು ಅಂತ ಹೆಸರಿಟ್ಟಳು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಒಂದಿದೆ. ಅದನ್ನು ಮನೆಯಲ್ಲಿ ಯಾರಾದರೂ ಬಳಸಿದ್ದು ನನಗೆ ನೆನಪಿಲ್ಲ.

ಇದು ನಮ್ಮ ಮನೆಯೊಂದರ ಹುಚ್ಚಾಗಿದ್ದರೆ ಹೇಗೋ ಮುಚ್ಚಿಟ್ಟುಕೊಳ್ಳಬಹುದಿತ್ತು. ಹೊಳೆಯ ಈ ದಂಡೆಯ ಉದ್ದಕ್ಕೂ ಇರುವ ಊರುಗಳಲ್ಲಿ ಬೀದಿಗೆ ನಾಲ್ಕು ಮನೆ ಹೀಗೆಯೇ. ಉದ್ದುದ್ದ ಜನ, ಸಣಕಲು ಮೈ, ಮೊಣಕಾಲಿನ ತನಕ ಇಳಿಬಿದ್ದ ಕೈ, ಎತ್ತ ಬೇಕಾದರೂ ಬಾಗುವ ಬೆರಳು. ನಮ್ಮೂರಿನ ಅಂಗಡಿಯಲ್ಲಿ ಹೊರಗಿನವರು ಅಂಗಿ ಕೊಂಡರೆ ತೋಳಿನೊಳಗೆ ಅವರ ಕೈಯೇ ಕಾಣೆಯಾಗುತ್ತದೆ. ಎಲ್ಲೋ ದೂರದ ಬಸ್ಸಿನಲ್ಲಿ ಗುರುತಿಲ್ಲದ ಇಬ್ಬರು ಪಕ್ಕಪಕ್ಕ ಕೂತು, ಇವನು ನಮ್ಮ ದಂಡೆಯವನಿರಬಹುದೇ ಅಂತ ಅನುಮಾನ ಬಂದರೆ ಒಬ್ಬ ಸುಮ್ಮನೆ ತನ್ನ ಹೆಬ್ಬೆರಳನ್ನು ಮುಂಗೈಗೆ ಮಲಗಿಸುತ್ತಾನೆ. ಇನ್ನೊಬ್ಬನೂ ಮಲಗಿಸುತ್ತಾನೆ. ಬಸ್ಸಿಳಿಯುವ ಹೊತ್ತಿಗೆ ಇಬ್ಬರೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾಗಿರುತ್ತಾರೆ.

ನಮ್ಮದು ಪ್ಲಂಬಿಂಗ್ ಅಂಗಡಿ. ನಲ್ಲಿ, ಪೈಪು, ವಾಷರ್ ಮಾರುತ್ತೇವೆ, ಕರೆದ ಮನೆಗೆ ಹೋಗಿ ರಿಪೇರಿ ಮಾಡುತ್ತೇವೆ. ‘ಬೇರೆಯವರ ಕೈ ಹೋಗದ ಕಡೆ ನಮ್ಮ ಕೈ ಹೋಗುತ್ತದೆ’ ಅಂತ ತಾತ ಬೋರ್ಡು ಬರೆಸಿದ್ದ. ಅದರಲ್ಲಿ ಬಡಾಯಿ ಏನೂ ಇಲ್ಲ. ಅಪ್ಪ ವಾಷ್‌ಬೇಸಿನ್ನಿನ ಹಿಂದೆ ಕೈ ತೂರಿಸಿದರೆ ಮಣಿಕಟ್ಟು ಒಂದು ಕಡೆ ತಿರುಗುತ್ತದೆ, ಮೊಣಕೈ ಇನ್ನೊಂದು ಕಡೆ. ಇನ್ನೂ ಒಳಗೆ ಹೋಗಬೇಕೆಂದರೆ ಹೆಗಲು ಟಕ್ಕನೆ ಜಾಗ ಬಿಟ್ಟು ಇಳಿದು ದಾರಿ ಕೊಡುತ್ತದೆ. ಮನೆಯವರು ಹೌಹಾರುತ್ತಾರೆ. ಅಪ್ಪ, ಏನಿಲ್ಲ, ಅದು ಹಾಗೆಯೇ ಅಂತ ಹೇಳಿ, ಕೆಲಸ ಮುಗಿಸಿ, ಹೆಗಲನ್ನು ಟಕ್ಕನೆ ವಾಪಸ್ ಕೂರಿಸಿಕೊಳ್ಳುತ್ತಾನೆ. ನನ್ನ ತಮ್ಮ ಇನ್ನೂ ಒಂದು ಕೈ ಮೇಲು. ಅವನನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ ಮಡಚಿ ಇಟ್ಟು ಬಾಗಿಲು ಹಾಕಬಹುದು. ಊರೆಲ್ಲ ಅವನನ್ನು ಬಳ್ಳಿ ಅಂತಲೇ ಕರೆಯುವುದು.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಹೋದವಳು ಒಂದೇ ವರ್ಷಕ್ಕೆ, ಅವರ ಮನೆಯಲ್ಲಿ ಎಲ್ಲರೂ ಬಾಗಿಲ ಚೌಕಟ್ಟಿನ ಹಾಗೆ ನಿಂತಿರುತ್ತಾರೆ ಅಂತ ಹೇಳಿ ವಾಪಸ್ ಬಂದುಬಿಟ್ಟಳು. ಸೀಸೆಯ ತಳದಷ್ಟು ದಪ್ಪದ ಕನ್ನಡಕ ಹಾಕಿಕೊಂಡು ಅಂಗಡಿಯ ಯಜಮಾನಿಕೆ ನಡೆಸುವವಳು ಅವಳೇ. ಅಮ್ಮ ಮಾತ್ರ ಹೊಳೆಯ ಆಚೆಯವಳು, ಅವಳ ಬೆರಳು ನನ್ನ ಹಾಗೆಯೇ ಬಗ್ಗುವುದಿಲ್ಲ. ಹಾಗಾಗಿ ನನ್ನ ತಪ್ಪೆಲ್ಲ ಅಮ್ಮನ ಲೆಕ್ಕಕ್ಕೆ ಹೋಯಿತು. ತಾಯಿಯ ಕಡೆಯಿಂದ ಬಂದದ್ದು, ಏನು ಮಾಡೋಕಾಗುತ್ತೆ ಅಂತ ಅತ್ತೆ ಬಂದವರ ಹತ್ತಿರ ನಿಟ್ಟುಸಿರು ಬಿಡುವಳು. ಅಮ್ಮ ಅಲ್ಲೇ ಕೂತು, ಹೌದು, ನಮ್ಮ ಕಡೆ ಎಲ್ಲರ ಕೀಲೂ ಇದ್ದ ಜಾಗದಲ್ಲೇ ಇರುತ್ತೆ, ದೊಡ್ಡ ಕಷ್ಟ ಅನ್ನುವಳು. ಅತ್ತೆಗೆ ಅದು ಚುಚ್ಚುಮಾತು ಅಂತ ಒಂದು ದಿನವೂ ಹೊಳೆಯಲಿಲ್ಲ.

ಅಪ್ಪ ನನ್ನನ್ನು ಕೊರಡು ಅಂತ ಕರೆದವನಲ್ಲ. ಅವನ ಮುದ್ದಿನ ರೀತಿ ಬೇರೆ. ನಾನು ಚಿಕ್ಕವಳಿದ್ದಾಗ ದಿನಾ ಸಂಜೆ ಕೆಲಸದಿಂದ ಬಂದವನೇ ಕೈ ತೊಳೆದು, ಎಣ್ಣೆ ಬೆಚ್ಚಗೆ ಮಾಡಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಬ್ಬೆರಳನ್ನು ನೀವುತ್ತಿದ್ದ. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ. ಆಮೇಲೆ ಮೆಲ್ಲಗೆ ಒತ್ತಿ, “ಇವತ್ತು ಸ್ವಲ್ಪ ಬಗ್ಗಿತು, ಅಲ್ವಾ?” ಅಂತ ಕೇಳುತ್ತಿದ್ದ. ಬಗ್ಗಿರುತ್ತಿರಲಿಲ್ಲ. ಆದರೆ ಅವನ ಮುಖ ನೋಡಿದರೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. “ಹೂಂ ಅಪ್ಪ, ಸ್ವಲ್ಪ” ಅನ್ನುತ್ತಿದ್ದೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಬಗ್ಗಿದ್ದರೆ ಅದು ಇಷ್ಟು ಹೊತ್ತಿಗೆ ಕೈಗೆ ಎರಡು ಸುತ್ತು ಬಂದಿರಬೇಕಿತ್ತು.

ದೊಡ್ಡವಳಾದ ಮೇಲೆ ನನ್ನನ್ನು ಕೌಂಟರಿನಲ್ಲಿ ಕೂರಿಸಿದರು. ಫೋನ್ ಎತ್ತುವುದು, ವಾಷರ್‌ಗಳನ್ನು ಅಳತೆ ನೋಡಿ ಡಬ್ಬಿಗೆ ತುಂಬುವುದು. ನನಗೆ ಕೆಲಸದ ಮೇಲೆ ಹೊರಗೆ ಹೋಗಬೇಕು ಅಂತ ಆಸೆ. ಯಾವ ಪೈಪಿಗೆ ಯಾವ ಜೋಡಣೆ ಅಂತ ನನಗೂ ಗೊತ್ತಿತ್ತು. ಆದರೆ ಅತ್ತೆ, ಕೊರಡಿಗೆ ಕೌಂಟರೇ ಸರಿ ಅಂತ ತೀರ್ಮಾನ ಮಾಡಿಬಿಟ್ಟಿದ್ದಳು.

ಒಂದು ದಿನ ಅಪ್ಪ, ತಮ್ಮ ಇಬ್ಬರೂ ಬೇರೆ ಬೇರೆ ಕಡೆ ಹೋಗಿದ್ದಾಗ ಒಬ್ಬ ಮೇಷ್ಟರ ಮನೆಯಿಂದ ಫೋನ್ ಬಂತು. ಬಚ್ಚಲಮನೆಯ ಬೇಸಿನ್ ಹಿಂದೆ ನೀರು ಸೋರುತ್ತಿದೆಯಂತೆ. ಅತ್ತೆ ಊಟಕ್ಕೆ ಹೋಗಿದ್ದಳು. ನಾನು ಸ್ಪ್ಯಾನರ್ ತೆಗೆದುಕೊಂಡು ಹೊರಟೇಬಿಟ್ಟೆ. ಸೋರುವ ಜಾಗ ಸರಿಯಾಗಿ ಕಂಡುಹಿಡಿದೆ, ಗೋಡೆಗೂ ಪೈಪಿಗೂ ನಡುವೆ ಕೈ ತೂರಿಸಿದೆ, ನಟ್ಟನ್ನು ಬಿಗಿ ಮಾಡಿಯೂ ಮಾಡಿದೆ. ನೀರು ನಿಂತಿತು. ಕೈ ಮಾತ್ರ ವಾಪಸ್ ಬರಲಿಲ್ಲ.

ಮೇಷ್ಟರ ಹೆಂಡತಿ ಸೋಪಿನ ನೀರು ಹಾಕಿ ನೋಡಿದರು, ಎಣ್ಣೆ ಹಾಕಿ ನೋಡಿದರು, ಕೊನೆಗೆ ಪಾಪ ಅಂತ ಒಂದು ಲೋಟ ಚಹಾ ತಂದುಕೊಟ್ಟರು. ನೆಲದ ಮೇಲೆ ಕೂತು, ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಚಹಾ ಕುಡಿದೆ. ಅಪ್ಪ ಬಂದು ಗೋಡೆಯ ಟೈಲ್ಸ್ ಒಡೆದು ಬಿಡಿಸಿದ. ಅಷ್ಟು ಹೊತ್ತಿಗೆ ಕಿಟಕಿಯ ಹೊರಗೆ ಅರ್ಧ ಬೀದಿ ನೆರೆದಿತ್ತು. ‘ಬೇರೆಯವರ ಕೈ ಹೋಗದ ಕಡೆ ನಮ್ಮ ಕೈ ಹೋಗುತ್ತದೆ, ಬರುವುದಿಲ್ಲ’ ಅಂತ ಯಾರೋ ಕಿಡಿಗೇಡಿ ನಮ್ಮ ಬೋರ್ಡಿನ ಕೆಳಗೆ ಸೀಮೆಸುಣ್ಣದಲ್ಲಿ ಸೇರಿಸಿ ಹೋದ.

ಮರ್ಯಾದೆ ಹೋಯಿತು ಅಂತ ಅತ್ತೆ ಎರಡು ದಿನ ಮುಖ ಊದಿಸಿಕೊಂಡಳು. ಆಮೇಲೆ, ಇದನ್ನು ಹೀಗೇ ಬಿಟ್ಟರೆ ಆಗದು, ಕಾಯಿಲೆ ಅಂದ ಮೇಲೆ ಔಷಧಿ ಇದ್ದೇ ಇರುತ್ತದೆ ಅಂದಳು. ದೊಡ್ಡಾಸ್ಪತ್ರೆಗೆ ದೂರದ ಊರಿಂದ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದರು. ಕೀಲು, ಮೂಳೆ, ಮನೆತನದಲ್ಲಿ ಹರಿದು ಬರುವ ರೋಗ, ಎಲ್ಲ ನೋಡುತ್ತಾರಂತೆ. ಮಾರನೆಯ ದಿನವೇ ನನ್ನನ್ನು ಮೆರವಣಿಗೆಯ ಹಾಗೆ ಕರೆದುಕೊಂಡು ಹೋದರು. ಮುಂದೆ ಅತ್ತೆ, ನಡುವೆ ನಾನು, ಹಿಂದೆ ಅಪ್ಪ, ಅಮ್ಮ, ತಮ್ಮ.

ಡಾಕ್ಟರ್ ಗಿಡ್ಡಕ್ಕೆ, ಚುರುಕಾಗಿ ಇದ್ದರು. ನನ್ನ ಬೆರಳು, ಮೊಣಕೈ, ಮೊಣಕಾಲು ಎಲ್ಲ ಮಡಿಸಿ ಬಿಡಿಸಿ ನೋಡಿದರು. ಇವರಿಗೆ ಏನೂ ಆಗಿಲ್ಲವಲ್ಲ, ಎಲ್ಲ ಇರಬೇಕಾದ ಹಾಗೆಯೇ ಇದೆ ಅಂದರು. ಅಪ್ಪನಿಗೆ ಡಾಕ್ಟರ ಮೇಲೆ ಕನಿಕರ ಬಂತು. ಪಾಪ, ಹೊರಗಿನವರು, ಸರಿಯಾದ ಮೈ ಯಾವುದು ಅಂತ ಯಾರೂ ತೋರಿಸಿಕೊಟ್ಟಿಲ್ಲ.

“ಡಾಕ್ಟ್ರೇ, ನನ್ನ ನೋಡಿ,” ಅಂದ. “ಹೆಂಗಿರಬೇಕು ಅಂತ ನಿಮಗೆ ಒಂದು ಅಂದಾಜು ಸಿಗುತ್ತೆ.”

ಹೆಬ್ಬೆರಳು ಮಲಗಿಸಿದ. ಮೊಣಕೈ ತಿರುಗಿಸಿದ. ಮರ್ಯಾದೆಗೆ ಒಂದು ಸಲ ಹೆಗಲನ್ನೂ ಟಕ್ಕನೆ ಇಳಿಸಿ ಏರಿಸಿದ. ತಮ್ಮನಿಗೆ ಕಣ್ಸನ್ನೆ ಮಾಡಿದ, ಅವನು ಕುರ್ಚಿಯ ಮೇಲೆಯೇ ಎರಡೂ ಪಾದಗಳನ್ನು ಕತ್ತಿನ ಹಿಂದೆ ಹಾಕಿಕೊಂಡು ಕೂತ. ಡಾಕ್ಟರ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಅವರು ನನ್ನನ್ನು ಬಿಟ್ಟು ಅವರಿಬ್ಬರನ್ನು ನೋಡತೊಡಗಿದರು. ಅತ್ತೆಯ ಕನ್ನಡಕ ಯಾವಾಗಿನಿಂದ ಅಂತ ಕೇಳಿದರು. ಚಿಕ್ಕಂದಿನಿಂದ, ಕಣ್ಣಿನೊಳಗಿನ ಮಸೂರ ಜಾರಿದೆಯಂತೆ, ನಮ್ಮಲ್ಲಿ ಸುಮಾರು ಜನಕ್ಕೆ ಜಾರುತ್ತದೆ ಅಂತ ಅತ್ತೆ ಹೆಮ್ಮೆಯಿಂದಲೇ ಹೇಳಿದಳು. ಮನೆಯ ಹಿರಿಯರು ಹೇಗೆ ತೀರಿಕೊಂಡರು ಅಂತ ಡಾಕ್ಟರ್ ಕೇಳಿದರು.

ಅತ್ತೆಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಬೇರೊಂದಿಲ್ಲ. ಅವಳ ಅಪ್ಪ ಕಬ್ಬಿಣದ ಸ್ನಾನದ ತೊಟ್ಟಿಯನ್ನು ಮಹಡಿ ಹತ್ತಿಸುವಾಗ ನಿಂತಲ್ಲೇ ಹೋದದ್ದು, ಅಣ್ಣ ಹೆಗಲ ಮೇಲೆ ಗೀಸರ್ ಇದ್ದ ಹಾಗೇ ಕುಸಿದದ್ದು, ದಾಯಾದಿಯೊಬ್ಬ ಪಂಪು ಎತ್ತುವಾಗ ಎದೆ ಹಿಡಿದುಕೊಂಡದ್ದು, ಎಲ್ಲವನ್ನೂ ವಿವರವಾಗಿ ಹೇಳಿದಳು.

“ನಮ್ಮಲ್ಲಿ ಹಾಸಿಗೆ ಹಿಡಿದು ನರಳಿದ ಗಂಡಸೇ ಇಲ್ಲ ನೋಡಿ,” ಅಂದಳು. “ಎಲ್ಲ ಕೆಲಸದ ಮೇಲೇ ಹೋದವರು.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಅಪ್ಪನ ಎದೆಯನ್ನೂ ತಮ್ಮನ ಎದೆಯನ್ನೂ ಈಗಲೇ ಸ್ಕ್ಯಾನ್ ಮಾಡಿ ನೋಡಬೇಕು ಅಂದರು. ಅಪ್ಪ ಖುಷಿಯಾಗಿ ಅಂಗಿ ಬಿಚ್ಚಿದ. ಚೆನ್ನಾಗಿ ನೋಡಿಕೊಳ್ಳಲಿ, ನಾಳೆ ನಾಲ್ಕು ಜನಕ್ಕೆ ಉಪಯೋಗವಾಗುತ್ತೆ ಅಂತ ಅಮ್ಮನ ಕಿವಿಯಲ್ಲಿ ಹೇಳಿ ಒಳಗೆ ಹೋದ. ಹೊರಗೆ ಬೆಂಚಿನ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಇಷ್ಟು ವರ್ಷ ಈ ಮನೆಯ ಹೊರಗಿನವಳಾಗಿ ಇದ್ದದ್ದಕ್ಕೋ ಏನೋ, ನಮ್ಮೆಲ್ಲರಿಗಿಂತ ಮೊದಲು ಅವಳಿಗೆ ಅರ್ಥವಾಗಿತ್ತು.

ಡಾಕ್ಟರ್ ಹೇಳಿದ್ದು ಇಷ್ಟು. ಮೈಯ ಭಾಗಗಳನ್ನೆಲ್ಲ ಒಂದಕ್ಕೊಂದು ಹಿಡಿದು ಕಟ್ಟಿಡುವ ನಾರಿನಂಥ ಪದಾರ್ಥ ಒಂದಿರುತ್ತದೆ, ನಮ್ಮ ಮನೆತನದವರಲ್ಲಿ ಅದು ಹುಟ್ಟಿನಿಂದಲೇ ಸಡಿಲ. ಬೆರಳು ಬಾಗುವುದು ಅದರಿಂದ, ಹೆಗಲು ಜಾರುವುದು ಅದರಿಂದ, ಅತ್ತೆಯ ಕಣ್ಣೂ ಅದರಿಂದಲೇ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರಬಹುದು, ಬಾರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ. ಬೇರೆ ಕಡೆ ಸಾವಿರಾರು ಜನಕ್ಕೊಬ್ಬರಲ್ಲಿ ಕಾಣುವುದು ಈ ದಂಡೆಯಲ್ಲಿ ಬೀದಿ ಬೀದಿಗೂ ಇದೆ. ಬೆರಳು ಬಗ್ಗಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆಯೂ ಅದೇ ನಾರಿನಿಂದ ಆದದ್ದು. ಅಪ್ಪನ ನಾಳ ಬುಡದಲ್ಲಿ ಉಬ್ಬಿದೆ. ಭಾರ ಎತ್ತಿದರೆ ಒಡೆಯಬಹುದು, ಎತ್ತದಿದ್ದರೂ ಒಡೆಯಬಹುದು. ಆಪರೇಶನ್ ಮಾಡಿ ಆ ತುಂಡನ್ನು ಬದಲಾಯಿಸಬೇಕು, ಬೇಗ. ತಮ್ಮನ ನಾಳ ಸದ್ಯಕ್ಕೆ ಪರವಾಗಿಲ್ಲ, ದಿನಾ ಮಾತ್ರೆ, ವರ್ಷ ವರ್ಷ ಸ್ಕ್ಯಾನ್.

ಅತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

“ಹಂಗಾದ್ರೆ ಇವಳಿಗೆ?” ಅಂತ ನನ್ನ ಕಡೆ ತೋರಿಸಿದಳು.

“ಇವರಿಗೆ ಬಂದಿಲ್ಲ.”

“ಏನೂ ಬಂದಿಲ್ವಾ?” ಅಂದಳು ಅತ್ತೆ. ಆಸ್ತಿಯ ಪಾಲು ಮಾಡುವಾಗ ನನ್ನೊಬ್ಬಳನ್ನು ಬಿಟ್ಟಿದ್ದಾರೆ ಅನ್ನುವ ದನಿ ಅದು.

ಮನೆಗೆ ಬಂದ ಮೇಲೆ ಅತ್ತೆಗೆ ಧೈರ್ಯ ತಿರುಗಿ ಬಂತು. ಆ ಡಾಕ್ಟರಮ್ಮನ ಕೈ ಕಪಾಟಿನ ಮೇಲಿನ ಹಲಗೆಗೂ ಎಟುಕುವುದಿಲ್ಲ, ನಮ್ಮನ್ನು ನೋಡಿ ಹೊಟ್ಟೆಕಿಚ್ಚು ಅಂದಳು. ಅಪ್ಪ ಆಪರೇಶನ್ ಬೇಡ ಅಂದುಬಿಟ್ಟ. ಕೇಳಿದರೆ ಮಾತು ಹಾರಿಸುತ್ತಿದ್ದ, ಇಲ್ಲವೇ ಅಂಗಡಿಯ ಹಿಂದೆ ಹೋಗಿ ಪೈಪಿನ ತುದಿಗೆ ತಿರುಪಿನ ಥ್ರೆಡ್ ಹಾಕುತ್ತ ಗರಗರ ಸದ್ದು ಮಾಡುತ್ತಿದ್ದ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಊರವರಿಗೆಲ್ಲ ಉಬ್ಬಿದ ಪೈಪು ಒಡೆಯುವ ತನಕ ಕಾಯಬೇಡಿ ಅಂತ ದಿನಾ ಬುದ್ಧಿ ಹೇಳುತ್ತೀಯಲ್ಲ, ನಿನ್ನ ಪೈಪಿಗೆ ಬೇರೆ ಕಾನೂನೇ ಅಂತ ಒಂದು ದಿನ ಹಿಡಿದು ನಿಲ್ಲಿಸಿ ಕೇಳಿದೆ. ಅಪ್ಪ ಥ್ರೆಡ್ ಹಾಕುವುದನ್ನು ನಿಲ್ಲಿಸಿದ.

“ಪೈಪ್ ಬದಲಾಯಿಸೋ ಮುಂಚೆ ನಾನು ಮೇನ್ ವಾಲ್ವ್ ಬಂದ್ ಮಾಡ್ತೀನಿ,” ಅಂದ. “ಇವರು ನನ್ನ ಮೇನ್ ವಾಲ್ವ್ ಬಂದ್ ಮಾಡಿ, ಆಮೇಲೆ ತಿರುಗಿಸಿದಾಗ ನೀರು ಬರದಿದ್ರೆ?”

ಅಪ್ಪ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ, ಬಂದು ಮುಖ ತೊಳೆದುಕೊಂಡು ಮತ್ತೆ ಸಿಟ್ಟು ಮಾಡಿಕೊಂಡೆ. ಅಳುವುದಕ್ಕಿಂತ ಸಿಟ್ಟಿನಲ್ಲಿ ಕೆಲಸ ಆಗುತ್ತದೆ.

ಮಾಡಬಹುದಾದದ್ದು ಒಂದೇ ಇತ್ತು, ಅವನಿಗೆ ಭಾರ ಎತ್ತಲು ಬಿಡದಿರುವುದು. ಕೌಂಟರನ್ನು ಅತ್ತೆಯ ಕೊರಳಿಗೆ ಕಟ್ಟಿ ನಾನು ಅವರಿಬ್ಬರ ಜೊತೆ ಹೊರಟೆ. ಗೀಸರ್ ಬಂದರೆ ನಾನು ಎತ್ತಿದೆ. ಪಂಪು ಬಂದರೆ ನಾನು ಹೊತ್ತೆ. ಮೊದಲ ಸಲ ಅಪ್ಪ ತಡೆಯಲು ಬಂದ. ಮುಟ್ಟಿದರೆ ಇದನ್ನು ಇಲ್ಲೇ ಕೆಳಗೆ ಬಿಡುತ್ತೇನೆ, ಒಡೆದರೆ ನೀನೇ ಮನೆಯವರಿಗೆ ಜವಾಬು ಹೇಳು ಅಂದೆ. ಹಿಂದೆ ಸರಿದ. ಹೊತ್ತು ನೋಡಿದ ಮೇಲೆ ಗೊತ್ತಾಯಿತು, ನನ್ನ ಹೆಗಲು ಜಾರುವುದಿಲ್ಲ, ಮೊಣಕಾಲು ಹಿಂದಕ್ಕೆ ಬಾಗುವುದಿಲ್ಲ, ಎಷ್ಟು ಹೇರಿದರೂ ಕಂಬದ ಹಾಗೆ ನಿಲ್ಲುತ್ತೇನೆ. ಇಷ್ಟು ವರ್ಷ ನನ್ನನ್ನು ವಾಷರ್ ಎಣಿಸಲು ಕೂರಿಸಿದ್ದರಲ್ಲ ಅಂತ ಮೈಯೆಲ್ಲ ಉರಿಯಿತು.

ಭಾರದ ಮಾತು ಹಾಗೆ ಬಗೆಹರಿಯಿತು, ಆಪರೇಶನ್ ಮಾತು ಹಾಗೇ ಉಳಿಯಿತು. ಡಾಕ್ಟರ್ ಫೋನ್ ಮಾಡಿದಾಗಲೆಲ್ಲ ಅತ್ತೆ ಎತ್ತಿಕೊಂಡು, ಅವನು ಮನೆಯಲ್ಲಿಲ್ಲ ಅನ್ನುತ್ತಿದ್ದಳು. ಅಪ್ಪ ಅವಳ ಪಕ್ಕದಲ್ಲೇ ನಿಂತು, ಇಲ್ಲ ಇಲ್ಲ ಅಂತ ತಲೆಯಾಡಿಸುತ್ತಿದ್ದ.

ಅಷ್ಟರಲ್ಲಿ ಅಪ್ಪ ಒಂದು ಬೆಳಿಗ್ಗೆ ಅಂಗಡಿಯಲ್ಲಿ ರಬ್ಬರ್ ವಾಷರ್ ಹುಡುಕುತ್ತ ಡಬ್ಬಿಯ ಹಿಂದೆ ಕೈ ಹಾಕಿದ. ಅವನ ಕೈ ಎಲ್ಲಿಗೂ ಹೋಗುತ್ತದಲ್ಲ. ತಮ್ಮನ ಮಾತ್ರೆಯ ಪಟ್ಟಿಗಳು ಸಿಕ್ಕವು, ಒಂದೂ ಹರಿಯದೆ ಹಾಗೇ ಇದ್ದವು. ಅಪ್ಪನ ಮುಖ ಬಿಳಿಚಿತು. ಅಷ್ಟು ಹೊತ್ತಿಗೆ ತಮ್ಮ ಒಂದು ಹೋಟೆಲಿನ ಸಿಂಕು ರಿಪೇರಿಗೆ ನಮಗಿಂತ ಮುಂದೆ ಹೋಗಿಯಾಗಿತ್ತು. ಅಪ್ಪ ಪಟ್ಟಿಗಳನ್ನು ಜೇಬಿಗೆ ತುರುಕಿಕೊಂಡು ಹೊರಟ, ನಾನು ಹಿಂದೆಯೇ ಓಡಿದೆ.

ಆ ಹೋಟೆಲಿನ ಅಡುಗೆಮನೆಯಲ್ಲಿ ಗೋಡೆಯ ಉದ್ದಕ್ಕೂ ಒಂದೇ ಸಿಂಕು, ಪಾತ್ರೆ ತೊಳೆಯಲು. ಅದರ ಕೆಳಗೆ ಪೈಪುಗಳ ಗೋಜಲು. ತಮ್ಮ ಆಗಲೇ ಒಳಗೆ ಸೇರಿಕೊಂಡಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಹೊರಗೆ ಬಾ ಅಂದರೆ ಕೈ ಬಿಟ್ಟರೆ ನೀರು ನುಗ್ಗುತ್ತದೆ ಅಂದ. ಅಪ್ಪ ಹಿಂದೆ ಮುಂದೆ ನೋಡದೆ ತಾನೂ ಅಂಗಾತ ಮಲಗಿ ಪಕ್ಕಕ್ಕೆ ತೂರಿಕೊಂಡ. ನಾನು ಮಂಡಿಯೂರಿ ಟಾರ್ಚು ಹಿಡಿದೆ. ಎರಡು ಜೊತೆ ಕಾಲು ಜಗಳಕ್ಕೆ ಕೂತವು.

“ಮಾತ್ರೆ ಯಾಕೋ ತಗೊಂಡಿಲ್ಲ?” ಅಂದವು ಅಪ್ಪನ ಕಾಲು.

“ನೀನು ಆಪರೇಶನ್ ಯಾಕೆ ಮಾಡಿಸ್ಕೊಂಡಿಲ್ಲ?”

“ನನ್ನ ವಿಷಯ ಬೇರೆ.”

“ಹೆಂಗೆ ಬೇರೆ? ಇದೇ ಬೆರಳು, ಇದೇ ಹೆಗಲು. ಸ್ಪ್ಯಾನರ್ ಹಿಡಿಯೋದರಿಂದ ಎಲ್ಲಾ ನಿನ್ನ ನೋಡೇ ಕಲಿತಿದ್ದು. ಇದನ್ನೂ ನಿನ್ನ ನೋಡೇ ಕಲೀತಿದೀನಿ.”

ಅಪ್ಪನ ಒಂದು ಕಾಲು ನೆಲವನ್ನು ಒದೆಯಿತು. ಆಮೇಲೆ ಎರಡೂ ಕಾಲು ಸುಮ್ಮನೆ ಬಿದ್ದುಕೊಂಡವು. ಪೈಪಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಪಾತ್ರೆ ತೊಳೆಯುವಾಕೆ ಕೈಯಲ್ಲಿ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

“ಅದು ಕಾಯಿಲೆ ಅಂತ ನಾನು ಒಪ್ಕೊಂಡ್ರೆ,” ಅಂದ ಅಪ್ಪ, “ನಿನಗೆ ನಾನು ಕೊಟ್ಟಿದ್ದು ಕಾಯಿಲೆ ಅಂತಾಗುತ್ತೆ ಕಣೋ. ಆಸ್ತಿ ಕೊಟ್ಟಿದೀನಿ ಅಂದ್ಕೊಂಡಿದ್ದೆ.”

ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗಿನಿಂದ ಅಪ್ಪ ನುಂಗಿಕೊಂಡಿದ್ದ ಮಾತು ಇದು. ಹೆದರಿಕೆ ಅಂದುಕೊಂಡಿದ್ದೆ, ಹೆದರಿಕೆಗಿಂತ ದೊಡ್ಡದು ಇನ್ನೊಂದು ಅದರ ಹಿಂದೆ ಕೂತಿತ್ತು.

ತಮ್ಮ ಮೊದಲು ನಟ್ಟನ್ನು ಒಂದು ಸುತ್ತು ತಿರುಗಿಸಿದ ಸದ್ದಾಯಿತು. ಮಾತು ಹುಡುಕುವವನಲ್ಲ ಅವನು.

“ಎರಡೂ ಕೊಟ್ಟಿದೀಯ ಬಿಡಪ್ಪ,” ಅಂದ. “ಬಾಗೋದು ಹೆಂಗೆ ಅಂತ ತೋರಿಸಿದೆ. ಇದನ್ನ ಇಟ್ಕೊಂಡು ಬದುಕೋದು ಹೆಂಗೆ ಅಂತಾನೂ ತೋರಿಸು. ಅರ್ಧ ಕೆಲಸ ಕಲಿಸಿ ಬಿಟ್ಟು ಹೋಗ್ಬೇಡ.”

ಟಾರ್ಚಿನ ಬೆಳಕು ಗೋಡೆಯ ಮೇಲೆಲ್ಲ ಕುಣಿಯುತ್ತಿತ್ತು. ಅಪ್ಪನ ಕಾಲು ಮೆಲ್ಲಗೆ ಪಕ್ಕಕ್ಕೆ ಸರಿದು ತಮ್ಮನ ಕಾಲಿಗೆ ಒರಗಿಕೊಂಡಿತು.

“ಟಾರ್ಚು ನೆಟ್ಟಗೆ ಹಿಡಿ ಮಗಳೇ,” ಅಂದ ಅಪ್ಪ ಒಳಗಿನಿಂದ. “ಡಾಕ್ಟ್ರ ನಂಬರು ನಿನ್ನ ಹತ್ರ ಇದೆ ತಾನೇ?”

ತಮ್ಮ ಅಲ್ಲೇ, ಸಿಂಕಿನ ಕೆಳಗೇ ಮಲಗಿಕೊಂಡು ಮೊದಲ ಮಾತ್ರೆ ನುಂಗಿದ. ನೀರಿಗೇನು ಬರವಿರಲಿಲ್ಲ.

ಅತ್ತೆಗೆ ವಿಷಯ ತಿಳಿದಾಗ ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಅಣ್ಣನ ಫೋಟೋದ ಮುಂದೆ ಹೋಗಿ ನಿಂತಳು. ಗೀಸರ್ ಹೊತ್ತುಕೊಂಡೇ ಹೋದ ಅಣ್ಣ. ಬಹಳ ಹೊತ್ತು ನೋಡಿ, ಇವನಿಗೂ ಯಾರಾದರೂ ಹೇಳುವವರಿದ್ದಿದ್ದರೆ ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಮಾರನೆಯ ದಿನ ತಾನೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು, ಮಾತ್ರೆ ಬರೆಸಿಕೊಂಡು ಬಂದಳು. ಅಷ್ಟಕ್ಕೇ ನಿಂತಿದ್ದರೆ ಅವಳು ಅತ್ತೆಯೇ ಅಲ್ಲ. ಬಸ್ ನಿಲ್ದಾಣದಲ್ಲಿ ಉದ್ದ ಕೈಯವರು ಕಂಡರೆ ಹೋಗಿ ಮೊದಲಿನಂತೆಯೇ ಹೆಬ್ಬೆರಳು ಒತ್ತಿ ನೋಡುತ್ತಾಳೆ. ಮಲಗಿದರೆ ಅವರಿಗೆ ಸಂಬಂಧ ಹೇಳಿ, ಕುಶಲ ಕೇಳಿ, ಆಮೇಲೆ ರಟ್ಟೆ ಹಿಡಿದು ದೊಡ್ಡಾಸ್ಪತ್ರೆಯ ಬಸ್ಸು ಹತ್ತಿಸುತ್ತಾಳೆ. ಹೊಟ್ಟೆಕಿಚ್ಚಿನ ಡಾಕ್ಟರಮ್ಮ ಈಗ ಅವಳ ಬಾಯಲ್ಲಿ ನಮ್ಮ ಡಾಕ್ಟರಮ್ಮ. ಅವರು ಒಂದು ದಿನ ನನಗೆ ಫೋನ್ ಮಾಡಿ, ನಿಮ್ಮ ಅತ್ತೆಗೆ ದಿನಕ್ಕೆ ಸ್ವಲ್ಪ ಕಡಿಮೆ ಜನರನ್ನು ಕಳಿಸಲು ಹೇಳುತ್ತೀರಾ ಅಂತ ಕೇಳಿದರು. ಹೇಳಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಪರೇಶನ್ ದಿನ ಅಪ್ಪ ತಳ್ಳುಗಾಡಿಯ ಮೇಲೆ ಮಲಗಿ, ವಾಲ್ವ್ ತಿರುಗಿಸಲು ಮರೆಯಬೇಡಿ ಅಂತ ಎದುರು ಬಂದ ಬಿಳಿಕೋಟಿನವರಿಗೆಲ್ಲ ಹೇಳುತ್ತ ಒಳಗೆ ಹೋದ. ನೆಲ ಒರೆಸಲು ಬಂದವನೂ ಬಿಳಿಕೋಟಿನಲ್ಲಿದ್ದ, ಅವನೂ ಆಗಲಿ ಅಂತ ಮಾತು ಕೊಟ್ಟ. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ನಾವು ನಾಲ್ವರು ಕೂತೆವು. ಅತ್ತೆ ಅಮ್ಮನ ಪಕ್ಕಕ್ಕೆ ಸರಿದು ಅವಳ ಕೈ ಹಿಡಿದುಕೊಂಡಳು. ಆ ಉದ್ದ ಬೆರಳುಗಳು ಅಮ್ಮನ ಕೈಯನ್ನು ಪೂರ್ತಿ ಸುತ್ತಿಕೊಂಡವು. ಇಬ್ಬರೂ ಅಷ್ಟು ಹೊತ್ತು ಜಗಳವಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಡಾಕ್ಟರ್ ಹೊರಗೆ ಬಂದು, ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿ, “ನೀರು ಬಂತು. ಹೀಗೇ ಹೇಳಬೇಕು ಅಂತ ಒಳಗೆ ಹೋಗೋ ಮುಂಚೆನೇ ಅಂದಿದ್ರು ನಿಮ್ಮ ಯಜಮಾನ್ರು,” ಅಂದರು. ಅಮ್ಮ ಅಲ್ಲೇ ಗೋಡೆಗೆ ಒರಗಿ ಜೋರಾಗಿ ಅತ್ತಳು. ತಮ್ಮ ಬೆಂಚಿನ ಮೇಲೆ ಗಂಟುಗಂಟಾಗಿ ಮುದುರಿಕೊಂಡಿದ್ದವನು ಬಿಚ್ಚಿಕೊಂಡು ಎದ್ದ.

ಅಪ್ಪನನ್ನು ನೋಡಲು ಒಬ್ಬೊಬ್ಬರನ್ನೇ ಬಿಟ್ಟರು. ನನ್ನ ಸರದಿ ಬಂದಾಗ ಅವನಿಗೆ ಎಚ್ಚರವಿತ್ತು. ಮೈತುಂಬ ಕೊಳವೆ. ಜೋಡಣೆಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದವನು, ಒಂದು ಕಡೆ ಕಣ್ಣು ತೋರಿಸಿ, ಅದು ಸಡಿಲ ಇದೆ ಅನ್ನುವ ಹಾಗೆ ಮುಖ ಸ್ವಲ್ಪ ಹುಳ್ಳಗೆ ಮಾಡಿದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಆಮೇಲೆ ಹಾಸಿಗೆಯ ಮೇಲೆ ಅವನ ಕೈ ನನ್ನ ಕಡೆ ಸರಿಯಿತು. ಹಿಡಿದುಕೊಂಡೆ. ಅಪ್ಪ ನನ್ನ ಹೆಬ್ಬೆರಳನ್ನು ಹುಡುಕಿ, ಬುಡದಿಂದ ತುದಿಗೆ ನೀವಿದ, ತುದಿಯಿಂದ ಬುಡಕ್ಕೆ. ಇದ್ದಷ್ಟು ಶಕ್ತಿಯಲ್ಲಿ ಮೆಲ್ಲಗೆ ಒತ್ತಿದ. ಬೆರಳು ಅರ್ಧ ದಾರಿಗೆ ಹೋಗಿ ನಿಂತಿತು.

“ಇವತ್ತೂ ಬಗ್ಗಲಿಲ್ಲ,” ಅಂದ, ದನಿ ಇನ್ನೂ ಒಡೆದೇ ಇತ್ತು. “ಅಲ್ವಾ?”

“ಇಲ್ಲಪ್ಪ,” ಅಂದೆ. “ಒಂಚೂರೂ ಬಗ್ಗಲಿಲ್ಲ.”

“ಸದ್ಯ,” ಅಂದ ಅಪ್ಪ. ನರ್ಸ್ ಬಂದು ಹೊತ್ತಾಯಿತು ಅಂದರೂ ಬೆರಳು ಬಿಡಲಿಲ್ಲ.